ಶಿರಸ್ತೇದಾರರ ನಾಡಿ

ಕಳೆದ ವಾರ ನಮ್ಮ ಕೆಳಗಿನ ಮನೆಯಲ್ಲಿ ಯಾರೋ ಕುಸುಬಿ ಎಣ್ಣೆಗೆ ಕರ್ಪೂರ ಹಾಕಿ ಕಾಸುತ್ತಿದ್ದರು. ಗದಗಿನಲ್ಲಿ ಈಗ ಕುಸುಬಿ ಎಣ್ಣೆ ತರುವ ಮನೆಗಳೇ ಕಡಿಮೆ. ನೋವಿನ ಮುಲಾಮುಗಳು ಬಂದ ಮೇಲೆ ಅದಕ್ಕೆ ಕರ್ಪೂರ ಹಾಕಿ ಕಾಸುವವರಂತೂ ಇಲ್ಲವೇ ಇಲ್ಲ ಎಂದುಕೊಂಡಿದ್ದೆ. ಆ ವಾಸನೆ ಮೆಟ್ಟಿಲು ಹತ್ತಿ ನನ್ನ ಖೋಲಿಯ ತನಕ ಬಂತು. ಓದುತ್ತಿದ್ದ ಪೇಪರು ಮಡಚಿಟ್ಟೆ. ಶಿರಹಟ್ಟಿಯ ಒಂದು ಪಡಸಾಲೆ, ಕಂಬಕ್ಕೆ ಒರಗಿ ಮೀನಖಂಡಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಒಬ್ಬ ಸಣಕಲು ಮನುಷ್ಯ ಕಣ್ಣ ಮುಂದೆ ಬಂದರು. ಅವರು ತೀರಿಹೋಗಿ ಮೂವತ್ತು ವರ್ಷಕ್ಕೂ ಮೇಲಾಯಿತು.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಶಿರಹಟ್ಟಿಯ ದವಾಖಾನೆಗೆ ಹೊಸ ಡಾಕ್ಟರಾಗಿ ಹೋದೆ. ಓದು ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಮದುವೆಯಾಗದ ಹೆಣ್ಣುಮಗಳಿಗೆ ಬಾಡಿಗೆಗೆ ಮನೆ ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ. ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ಆಗಷ್ಟೇ ನಿವೃತ್ತರಾದವರೊಬ್ಬರು ತಮ್ಮ ಮನೆಯ ಮುಂದಿನ ಎರಡು ಖೋಲಿ ಬಿಟ್ಟುಕೊಟ್ಟರು. ಊರಿಗೆ ಅವರು ಕೊನೆಯ ತನಕ ಶಿರಸ್ತೇದಾರರೇ. ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಗೆ ಕಾಕು. ಇದ್ದ ಒಬ್ಬಳೇ ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು.

ಶಿರಸ್ತೇದಾರರು ಓಡುತ್ತಿದ್ದರು. ದಿನಾ ನಸುಕಿನಲ್ಲಿ ಎದ್ದು, ಲಕ್ಷ್ಮೇಶ್ವರದ ರಸ್ತೆ ಹಿಡಿದು, ಬಿಸಿಲು ಏರುವ ಮೊದಲು ಮನೆಗೆ ಬರುತ್ತಿದ್ದರು. ಅವರ ತಂದೆ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದವರು, ಅಣ್ಣ ಶಾಲೆಯ ಮಾಸ್ತರರು. ಆ ಮನೆತನದಲ್ಲಿ ಚಡ್ಡಿ ಹಾಕಿಕೊಂಡು ಬೀದಿಯಲ್ಲಿ ಓಡಿದವರು ಹಿಂದೆ ಯಾರೂ ಇರಲಿಲ್ಲ. ಕಾಕು ಆ ಖಾಕಿ ಚಡ್ಡಿಯನ್ನು ಮುಂದಿನ ಹಗ್ಗದ ಮೇಲೆ ಎಂದೂ ಒಣಹಾಕುತ್ತಿರಲಿಲ್ಲ. ಹಿತ್ತಲಿನಲ್ಲಿ, ಅದೂ ಒಂದು ಸೀರೆಯ ಮರೆಗೆ. ಮೊದಲ ಬಸ್ಸಿನ ಡ್ರೈವರು ಹೊಸಬನಾದರೆ ಗಾಡಿ ನಿಲ್ಲಿಸಿ, "ಬಸ್ ತಪ್ಪೇತೇನ್ರಿ ರಾಯರ? ಹತ್ರಿ ಜಲ್ದಿ" ಎನ್ನುತ್ತಿದ್ದನಂತೆ. ಇವರು ಕೈಯಾಡಿಸಿ ಮುಂದೆ ಹೋಗುತ್ತಿದ್ದರು. ಹಳಬರು ಬರೀ ಹಾರ್ನು ಬಾರಿಸಿ ನಗುತ್ತಿದ್ದರು.

ಈ ಗೀಳು ಹೇಗೆ ಹತ್ತಿತೆಂದು ಒಮ್ಮೆ ಕೇಳಿದ್ದೆ. ಅವರು ಮುಂಡರಗಿಯಲ್ಲಿ ಗುಮಾಸ್ತರಾಗಿದ್ದಾಗ ಕಚೇರಿಯ ಕೆಲಸಕ್ಕೆಂದು ಡೋಣಿ ಎಂಬ ಹಳ್ಳಿಗೆ ಹೋಗಿದ್ದರು. ಮಗಳು ಆಗ ಸಣ್ಣವಳು. ಅವಳಿಗೆ ಜ್ವರ ಏರಿದೆ ಎಂದು ಸಂಜೆ ಖಬರು ಬರುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಕಪ್ಪತಗುಡ್ಡವನ್ನು ಬೆನ್ನಿಗೆ ಹಾಕಿ ನಡೆಯತೊಡಗಿದವರು ಯಾವಾಗ ಓಡತೊಡಗಿದರೋ ಅವರಿಗೇ ತಿಳಿಯಲಿಲ್ಲವಂತೆ. ಆಗಲೇ ಅವರಿಗೆ ನಲವತ್ತು ದಾಟಿತ್ತು.

"ಮನಿ ಮುಟ್ಟೂದ್ರಾಗ ಕೂಸಿನ ಜ್ವರ ಇಳದಿತ್ತ್ರಿ," ಎಂದು ಹೇಳಿ ನಕ್ಕಿದ್ದರು. "ನನಗ ಹತ್ತಿದ್ದು ಮಾತ್ರ ಇಳೀಲೇ ಇಲ್ಲ."

ಗದಗಿನ ತರುಣರ ಸಂಘವೊಂದು ಪ್ರತಿ ಚಳಿಗಾಲ ಅಸುಂಡಿಗೆ ಹೋಗಿ ತಿರುಗಿ ಬರುವ ಓಟ ಏರ್ಪಡಿಸುತ್ತಿತ್ತು. ನಾನು ಹೋದ ವರ್ಷ ಹಿರಿಯರಿಗೆಂದೇ ಬೇರೆ ಓಟ ಇಟ್ಟರು. ಓಡುವವರು ಡಾಕ್ಟರರ ಸರ್ಟಿಫಿಕೇಟ್ ತರಬೇಕೆಂಬ ನಿಯಮ. ಶಿರಸ್ತೇದಾರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮನೆಯಲ್ಲಿ ಕೇಳಬಹುದಾಗಿದ್ದರೂ ದವಾಖಾನೆಗೇ ಬಂದು, ಉಳಿದ ರೋಗಿಗಳ ಸಾಲಿನಲ್ಲಿ ಕುಳಿತರು.

ನಾಡಿ ಹಿಡಿದೆ. ಒಂದು ಬಡಿತ ಆದ ಮೇಲೆ ಇನ್ನೊಂದಕ್ಕೆ ಕಾಯಬೇಕಾಯಿತು. ಬೆರಳು ಸರಿಸಿ ಮತ್ತೆ ಹಿಡಿದೆ. ಕೈ ಬದಲಿಸಿ ನೋಡಿದೆ. ನಿಮಿಷಕ್ಕೆ ನಲವತ್ತನ್ನೂ ಮುಟ್ಟುತ್ತಿರಲಿಲ್ಲ. ಅರವತ್ತರ ಹತ್ತಿರದ ಮನುಷ್ಯನ ನಾಡಿ ಅಷ್ಟು ನಿಧಾನವಾದರೆ ಏನರ್ಥ ಎಂದು ನಾನು ಓದಿದ್ದೆ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ಸುದ್ದಿ ನಡುವೆಯೇ ನಿಂತುಹೋಗಿರಬಹುದು. ಅಂಥವರು ಓಡುತ್ತ ಓಡುತ್ತ ಬಿದ್ದರೆ ಏಳುವುದಿಲ್ಲ. ದವಾಖಾನೆಯಲ್ಲಿ ಇಸಿಜಿ ಯಂತ್ರ ಇರಲಿಲ್ಲ. ಸಹಿ ಮಾಡಲಾರೆ ಎಂದೆ. ಎಲ್ಲ ಖಾತ್ರಿಯಾಗುವ ತನಕ ದಿನದ ಓಟವನ್ನೂ ಬಿಡಬೇಕೆಂದೆ.

ಅವರು ವಾದ ಮಾಡಲಿಲ್ಲ. "ಆತ್ರಿ" ಎಂದು ಎದ್ದು ಹೋದರು. ಮನೆಯಲ್ಲಿ ಕಾಕುವಿಗೆ ಆದ ಸಂತೋಷ ಹೇಳತೀರದು. ಅವತ್ತು ಸಂಜೆ ನನಗೆ ಒಂದು ಬಟ್ಟಲು ಹುಗ್ಗಿ ತಂದುಕೊಟ್ಟು, "ನಾ ಹೇಳಿ ಹೇಳಿ ಸಾಕಾಗಿದ್ದೆ. ನೀವು ಒಂದು ಮಾತಿನಾಗ ಬಿಡಿಸಿದ್ರಿ" ಎಂದರು. ಗದಗಿಗೆ ಹೋಗಿ ಯಂತ್ರದ ಮೇಲೆ ನೋಡಿಸಿಕೊಂಡು ಬನ್ನಿ ಎಂದು ನಾನು ಹೇಳಿದ್ದನ್ನು ಗಂಡಹೆಂಡತಿ ಇಬ್ಬರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕಾಕುವಿಗೆ ಅದರ ಅಗತ್ಯ ಕಾಣಲಿಲ್ಲ. ಶಿರಸ್ತೇದಾರರಿಗೆ ಬಹುಶಃ ಅಂಜಿಕೆ ಇತ್ತು...

ಆ ಚಳಿಗಾಲದ ಓಟ ಅವರಿಲ್ಲದೆಯೇ ಮುಗಿಯಿತು. ಶಿರಸ್ತೇದಾರರು ಮನೆಯಲ್ಲಿ ಕುಳಿತರು. ನಾನು ದವಾಖಾನೆಗೆ ಹೋಗುವಾಗ ಕಟ್ಟೆಯ ಮೇಲೆ, ಬರುವಾಗಲೂ ಅದೇ ಕಟ್ಟೆಯ ಮೇಲೆ. ಮೊದಮೊದಲು ಮಾತಾಡಿಸುತ್ತಿದ್ದರು. ಆಮೇಲೆ ತಲೆ ಆಡಿಸುವುದಷ್ಟೇ ಉಳಿಯಿತು. ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಕಚೇರಿಯಲ್ಲಿ ಇಡೀ ಜನ್ಮ ಒಮ್ಮೆಯೂ ದನಿ ಏರಿಸದ ಮನುಷ್ಯ ಒಂದು ದಿನ ಚಹಾ ಆರಿದೆ ಎಂದು ಕಪ್ಪನ್ನು ಅಂಗಳಕ್ಕೆ ಎಸೆದರು. ಚೂರುಗಳನ್ನು ಆರಿಸಿಕೊಂಡು ಕಾಕು ನೇರ ನನ್ನ ಖೋಲಿಗೆ ಬಂದರು. ಬಾಗಿಲಲ್ಲೇ ನಿಂತರು.

"ಓಡಿ ಸಾಯ್ತಾರಂತ ಅಂಜಿದ್ದೆ, ಡಾಕ್ಟರಬಾಯಿ. ಈಗ ಕುಂತಲ್ಲೇ ಸಾಯಾಕತ್ತಾರ. ಅವರ ಗುಂಡಿಗಿ ಖರೇನ ಕೆಟ್ಟೈತೋ ಇಲ್ಲೋ, ಗಟ್ಟಿ ಮಾಡಿ ಹೇಳ್ರಿ. ಕೆಟ್ಟಿದ್ರ ಕೆಟ್ಟೈತಿ ಅಂತ ಹೇಳ್ರಿ, ತಡ್ಕೋತೀನಿ."

ಮುಂದಿನ ಸೋಮವಾರ ಮೂವರೂ ಬಸ್ಸು ಹತ್ತಿ ಗದಗಿಗೆ ಹೋದೆವು. ಅಲ್ಲಿನ ಒಬ್ಬ ಹಿರಿಯ ಡಾಕ್ಟರರ ಹತ್ತಿರ ಇಸಿಜಿ ಯಂತ್ರ ಇತ್ತು. ಶಿರಸ್ತೇದಾರರು ಅಂಗಿ ಕಳೆದು ಮಲಗಿದರು. ಪಕ್ಕೆಲುಬುಗಳು ಒಂದೊಂದೂ ಕಾಣುತ್ತಿದ್ದವು. ಯಂತ್ರ ಸದ್ದು ಮಾಡುತ್ತ ಕಾಗದದ ಪಟ್ಟಿಯನ್ನು ಹೊರಗೆ ಹಾಕಿತು. ಹಿರಿಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಈ ತುದಿಯಿಂದ ಆ ತುದಿಗೆ ನೋಡಿ, ನನ್ನ ಕೈಗೆ ಕೊಟ್ಟರು. ಅಲೆಗಳು ದೂರ ದೂರ ಇದ್ದವು. ಆದರೆ ಪ್ರತಿ ಸಣ್ಣ ಅಲೆಯ ಹಿಂದೆ ದೊಡ್ಡದು ತಪ್ಪದೆ ಬಂದಿತ್ತು. ಮೇಲಿನ ಕೋಣೆ ಹೇಳಿದ್ದನ್ನು ಕೆಳಗಿನದು ಪ್ರತಿಸಲವೂ ಕೇಳುತ್ತಿತ್ತು.

"ನಿಧಾನ ಐತಿ, ಕೆಟ್ಟಿಲ್ಲ," ಎಂದರು ಹಿರಿಯರು. "ಓಡಿ ಓಡಿ ಹಿಂಗ ಆಗಿರಬಹುದು. ಒಂದು ಸಲ ಬಡದ್ರ ಹೆಚ್ಚು ರಕ್ತ ದೂಡತೈತಿ, ಅದಕ್ಕ ಅವಸರ ಇಲ್ಲ. ಆದ್ರ ದಣಿಸಿ ನೋಡೂಣು. ದಣಿದಾಗ ಏರಬೇಕು, ಕುಂತಾಗ ಇಳೀಬೇಕು. ಏರಲಿಲ್ಲಂದ್ರ ಮಾತು ಬ್ಯಾರೆ."

ದಣಿಸಲು ಅಲ್ಲಿ ಬೇರೆ ಸಲಕರಣೆ ಇರಲಿಲ್ಲ, ಮಾಳಿಗೆಗೆ ಹೋಗುವ ಕಲ್ಲಿನ ಮೆಟ್ಟಿಲು ಇತ್ತು. ಶಿರಸ್ತೇದಾರರು ಧೋತರ ಎತ್ತಿ ಕಟ್ಟಿ ಹತ್ತಿ ಇಳಿಯತೊಡಗಿದರು. ನಡುವೆ ಏನಾದರೂ ಆದರೆ ಹಿಡಿಯಲೆಂದು ನಾನೂ ಹಿಂದೆ ಹತ್ತಿ ಇಳಿದೆ. ಹೊರಗೆ ಕುಳಿತಿದ್ದ ರೋಗಿಗಳು ತಮ್ಮ ನೋವು ಮರೆತು ನೋಡುತ್ತಿದ್ದರು. ಒಬ್ಬ ಮುದುಕಿ, "ಏನಾಗೇತಿ ಇವರಿಗೆ?" ಎಂದು ಕಾಕುವನ್ನು ಕೇಳಿದಳು. ಕಾಕು ಸೆರಗಿನ ತುದಿ ಬಾಯಲ್ಲಿಟ್ಟುಕೊಂಡು ಗಂಡನ ಕಾಲುಗಳನ್ನೇ ನೋಡುತ್ತಿದ್ದರು. ಹಿರಿಯರು ಸಾಕು ಎಂದಾಗ ನಾಡಿ ಹಿಡಿದೆ. ಏರಿತ್ತು, ಚೆನ್ನಾಗಿಯೇ ಏರಿತ್ತು. ಕುಳಿತ ಮೇಲೆ ಬೆರಳಿನ ಕೆಳಗೇ ಇಳಿಯತೊಡಗಿತು. ನನ್ನ ಎದೆ ಇನ್ನೂ ಡವಡವ ಎನ್ನುತ್ತಿರುವಾಗಲೇ ಅವರದು ತನ್ನ ಹಳೆಯ ನಿಧಾನಕ್ಕೆ ಬಂದು ನಿಂತಿತ್ತು.

ಹಿರಿಯರು ನಕ್ಕು ಕಾಕುವನ್ನು ಕರೆದರು. "ಬರ್ರಿ ತಾಯಿ, ನೀವೂ ಹಿಡದು ನೋಡ್ರಿ." ಕಾಕು ಹಿಂಜರಿದರು. ಆ ಕಾಲದಲ್ಲಿ, ಅಂಥ ಮನೆತನದಲ್ಲಿ, ನಾಲ್ಕು ಜನರೆದುರು ಗಂಡನ ಕೈ ಹಿಡಿಯುವುದು ಸಣ್ಣ ಮಾತಾಗಿರಲಿಲ್ಲ. ಹಿರಿಯರೇ ಅವರ ಬೆರಳುಗಳನ್ನು ಸರಿಯಾದ ಜಾಗದಲ್ಲಿ ಇಡಿಸಿದರು. ಕಾಕು ಬಹಳ ಹೊತ್ತು ಹಿಡಿದೇ ಇದ್ದರು. ಶಿರಸ್ತೇದಾರರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು.

ಹೊರಡುವಾಗ ಹಿರಿಯರು ಕಾಕುವಿಗೊಂದು ಕೆಲಸ ಹಚ್ಚಿದರು. ದಿನಾ ಬೆಳಿಗ್ಗೆ ಗಂಡ ಹಾಸಿಗೆ ಬಿಟ್ಟು ಏಳುವ ಮೊದಲೇ ನಾಡಿ ಎಣಿಸಬೇಕು. ಎಂದಿಗಿಂತ ಜೋರಾಗಿದ್ದರೆ ದಣಿವು ಆರಿಲ್ಲ, ಇಲ್ಲವೇ ಜ್ವರ ಬರುವುದರಲ್ಲಿದೆ ಎಂದರ್ಥ, ಅವತ್ತು ಓಡಲು ಬಿಡಬಾರದು. ಇದನ್ನು ಕಾಕು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ, ಓಟವನ್ನು ಬೈಯುತ್ತಿದ್ದವರೇ ಅದರ ಅಧಿಕಾರಿಯಾದರು. ಅಲಾರಾಂ ಗಡಿಯಾರವನ್ನು ಹಾಸಿಗೆಯ ಹತ್ತಿರ ಇಟ್ಟುಕೊಂಡು, ಸೆಕೆಂಡ್ ಮುಳ್ಳು ನೋಡುತ್ತ ಎಣಿಸುತ್ತಿದ್ದರು. ಒಮ್ಮೊಮ್ಮೆ ಗೋಡೆಯಾಚೆಯಿಂದ ಮಾತು ಕೇಳುತ್ತಿತ್ತು. "ಇವತ್ತ ಬ್ಯಾಡ. ಜೋರ್ ಐತಿ." "ಕನಸು ಬಿದ್ದಿತ್ತು, ಅದಕ್ಕ ಜೋರ್ ಐತಿ." "ಏನರ ಬಿದ್ದಿರಲಿ. ಬ್ಯಾಡಂದ್ರ ಬ್ಯಾಡ." ಆಮೇಲೆ ಬಾಗಿಲ ಅಗಳಿಯ ಸದ್ದು ಕೇಳುತ್ತಿರಲಿಲ್ಲ. ಗದಗಿಗೆ ಹೋಗಿಬಂದ ಮರುವಾರದಿಂದಲೇ ಖಾಕಿ ಚಡ್ಡಿ ಮುಂದಿನ ಹಗ್ಗಕ್ಕೆ ಬಂತು.

ಮುಂದಿನ ಚಳಿಗಾಲದ ಓಟಕ್ಕೆ ನಾನು ಸಹಿ ಮಾಡಿದೆ. ನೋಡಲು ಹೋಗಿಯೂ ಇದ್ದೆ. ಅಂತೂರ ಬೆಂತೂರು ಹಳ್ಳಿಯಲ್ಲಿ ಕಮತ ಮಾಡಿಕೊಂಡಿದ್ದ ಒಬ್ಬ ಒಕ್ಕಲಿಗರು ಬರಿಗಾಲಲ್ಲಿ ಓಡಿ ಮೊದಲು ಬಂದರು. ಶಿರಸ್ತೇದಾರರು ಎರಡನೆಯವರು. ಹಾರ ಹಿಡಿದು ನಿಂತಿದ್ದ ತರುಣರನ್ನು ಸರಿಸಿಕೊಂಡು ಕಾಕು ಮುಂದೆ ನುಗ್ಗಿ ಗಂಡನ ಮುಂಗೈ ಹಿಡಿದರು. ಸುತ್ತಲಿನವರು ಹೋ ಎಂದು ನಕ್ಕರು. ಕಾಕು ಎಣಿಸಿ ಮುಗಿಯುವ ತನಕ ಕೈ ಬಿಡಲಿಲ್ಲ. ಬರಿಗಾಲಿನ ಒಕ್ಕಲಿಗರು ಉಸಿರು ಬಿಡುತ್ತ ಹತ್ತಿರ ಬಂದು, "ಬೂಟ ಹಾಕ್ಕೊಂಡ್ರ ನೆಲಾ ಹೆಂಗ ತಿಳೀತೈತ್ರಿ ರಾಯರ?" ಎಂದು ಕೇಳಿದರು. ಅಂದಿನಿಂದ ಅವರಿಬ್ಬರೂ ಗೆಳೆಯರಾದರು. ಎಷ್ಟು ವರ್ಷ ಓಡಿದರೂ ಶಿರಸ್ತೇದಾರರು ಅವರನ್ನು ಸೋಲಿಸಲಿಲ್ಲ.

ವರ್ಷಗಳು ಹೋದ ಹಾಗೆ ಅವರ ಓಟ ನಿಧಾನವಾಯಿತು. ಅವರು ಅದನ್ನು ಮುಚ್ಚಿಡುತ್ತಿರಲಿಲ್ಲ, ಆದರೆ ಕಾರಣ ಬೇಕಾಗಿತ್ತು. ಊಟ ಅದೇ, ದಾರಿ ಅದೇ, ಬೆಳಗಿನ ನಾಡಿ ಅಷ್ಟೇ ನಿಧಾನ. ಮತ್ತೆ ಕಾಲುಗಳು ಯಾಕೆ ಹಿಂದೆ ಬೀಳುತ್ತಿವೆ? ವಯಸ್ಸಾದಂತೆ ಹೃದಯದ ಮೇಲ್ಮಿತಿ ಇಳಿಯುತ್ತದೆ, ಎಷ್ಟೇ ಗಟ್ಟಿ ಮನುಷ್ಯನಾದರೂ ಯೌವನದಷ್ಟು ವೇಗವಾಗಿ ಅದು ಬಡಿಯಲಾರದು ಎಂದು ನಾನು ವಿವರಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಅಂದ್ರ ಕೆಳಗಿನ ಮಿತಿ ಅಲ್ಲೇ ಐತಿ, ಮ್ಯಾಲಿಂದು ಇಳದು ಬರಾಕತ್ತೇತಿ. ನಡಕಿನ ಜಾಗಾ ಸಣ್ಣದಾಗಾಕತ್ತೇತಿ ಅನ್ರಿ."

ಹೌದು ಎಂದೆ. "ಇರಲಿ ಬಿಡ್ರಿ. ಇದ್ದಷ್ಟು ಜಾಗಾದಾಗ ಓಡೂಣು" ಎಂದರು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ಮುಂಡರಗಿಗೆ ವರ್ಗವಾಗಿತ್ತು. ಒಂದು ಮಧ್ಯಾಹ್ನ ದವಾಖಾನೆಯ ಬಾಗಿಲಲ್ಲಿ ಕಾಕು ನಿಂತಿದ್ದರು, ಒಬ್ಬರೇ. ಅವರು ಬಸ್ಸಿನಲ್ಲಿ ಒಬ್ಬರೇ ಎಲ್ಲಿಗೂ ಹೋದವರಲ್ಲ. ಮುಖ ಬಿಳಚಿಕೊಂಡಿತ್ತು. ನೀರು ಕೊಟ್ಟರೆ ಬೇಡವೆಂದರು.

"ಎಣಿಸಾಕ ಬರವಲ್ಲದು," ಎಂದರು. "ಎರಡು ಬಡೀತೈತಿ, ನಿಂದರತೈತಿ, ಮತ್ತ ಮೂರು ಓಡಿಬರತಾವು. ನನ್ನ ಕೈಯಾಗ ಏನರ ತಪ್ಪಾಗೇತೇನು ಅಂತ ನಾಕು ದಿನಾ ನೋಡಿದೆ. ನನ್ನ ಕೈ ಛಲೋ ಐತಿ. ಅವರದ ತಪ್ಪೇತಿ."

ಶಿರಸ್ತೇದಾರರಿಗೆ ಏನೂ ಅನ್ನಿಸಿರಲಿಲ್ಲ. ಸ್ವಲ್ಪ ಜಲ್ದಿ ದಣಿಯುತ್ತೇನೆ, ಅಷ್ಟೇ ಎನ್ನುತ್ತಿದ್ದರು. ಮತ್ತೆ ಗದಗಿನ ಅದೇ ಮೇಜು, ಅದೇ ಯಂತ್ರ. ಈ ಸಲ ಪಟ್ಟಿಯ ಮೇಲೆ ಸಣ್ಣ ಅಲೆಗಳು ಇರಲೇ ಇಲ್ಲ; ದೊಡ್ಡವು ತಮಗೆ ಬೇಕಾದ ಹಾಗೆ ಬಂದು ಹೋಗಿದ್ದವು. ಮೇಲಿನ ಕೋಣೆ ಬಡಿಯುವುದು ಬಿಟ್ಟು ಬರೀ ನಡುಗುತ್ತಿತ್ತು. ಹಿರಿಯರು ಮುಚ್ಚುಮರೆ ಮಾಡಲಿಲ್ಲ. ನಡುಗುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ಮಿದುಳಿಗೆ ಹೋದರೆ ಲಕ್ವ ಹೊಡೆಯಬಹುದು ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಪಂದ್ಯ ಪೂರ್ತಿ ಬಿಡಬೇಕು, ನಡೆದಾಡಬಹುದು.

ಹೊರಗೆ ಬಂದ ಮೇಲೆ ಶಿರಸ್ತೇದಾರರು ನನ್ನನ್ನು ಕೇಳಿದರು. "ಓಡಿದ್ದಕ್ಕ ಹಿಂಗಾತೇನ್ರಿ?"

ಗೊತ್ತಿಲ್ಲ ಎಂದೆ. ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ವರ್ಷಾನುಗಟ್ಟಲೆ ದೂರ ಓಡಿದವರಲ್ಲಿ ಕೆಲವರಿಗೆ ಮುಪ್ಪಿನಲ್ಲಿ ಈ ತಾಳ ತಪ್ಪುವುದು ಹೆಚ್ಚೆಂದು ಬಹಳ ಕಾಲದ ಮೇಲೆ ಓದಿದೆ. ಓಟ ಅವರಿಗೆ ಮಾಡಿದ ಒಳ್ಳೆಯದು ಅದಕ್ಕಿಂತ ದೊಡ್ಡದೆಂದೂ ಓದಿದೆ. ಅವರ ವಿಷಯದಲ್ಲಿ ಯಾವುದು ಖರೆಯೋ ಇವತ್ತಿಗೂ ಹೇಳಲಾರೆ.

"ಮೊದಲ ಗೊತ್ತಿದ್ರೂ ಓಡ್ತಿದ್ದೆ ಬಿಡ್ರಿ," ಎಂದರು ಅವರು.

"ನನಗ ಗೊತ್ತಿದ್ರ ಬಿಡ್ತಿದ್ದಿಲ್ಲ," ಎಂದರು ಕಾಕು. ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕುತ್ತ, "ನಡ್ಯಾಕ ಅಂದಾರಲ್ಲ. ನಾಳಿಂದ ನಾನೂ ಬರ್ತೀನಿ" ಎಂದರು.

ಹಾಗೆ ಅವರಿಬ್ಬರೂ ಲಕ್ಷ್ಮೇಶ್ವರದ ರಸ್ತೆಯಲ್ಲಿ ನಸುಕಿನಲ್ಲಿ ನಡೆಯತೊಡಗಿದರು. ಕಾಕು ಕಚ್ಚೆ ಸೀರೆ ಉಟ್ಟು, ಗಂಡನ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಡೆಯುತ್ತಿದ್ದರಂತೆ. ಶಿರಸ್ತೇದಾರರಿಗೆ ಆ ನಡಿಗೆ ಸಾಲದು. ಅವರು ಮೆಲ್ಲಗೆ ಓಡುತ್ತ ಮುಂದೆ ಹೋಗಿ, ತಿರುಗಿ ಕಾಕುವಿನ ತನಕ ಬರುವರು. ಮತ್ತೆ ಮುಂದೆ, ಮತ್ತೆ ಹಿಂದೆ. ಕಾಕುವಿನ ಕಣ್ಣಳತೆ ದಾಟಬಾರದೆಂಬುದು ಒಪ್ಪಂದ. ರಜೆಗೆ ಶಿರಹಟ್ಟಿಗೆ ಹೋದಾಗ ಒಂದು ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ನಾನೇ ನೋಡಿದೆ. ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ಕಾಕು ಒಂದೇ ಗತಿಯಲ್ಲಿ ನಡೆಯುತ್ತಿದ್ದರು. ಅವರ ಗಂಡ ದೂರದಿಂದ ಅವರ ಕಡೆ ಓಡಿಬರುತ್ತಿದ್ದರು... ಹೀಗೆ ನಾಲ್ಕೈದು ವರ್ಷ ನಡೆಯಿತು.

ಕಾಕು ಮೊದಲು ಹೋದರು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಶಿರಸ್ತೇದಾರರು ಒಳಗಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಖಬರು ಮುಟ್ಟಿದ್ದು ಮರುದಿನ. ನಾನು ಹೋದಾಗ ಮನೆ ತುಂಬ ಜನ ಇದ್ದರು, ಅವರ ಜೊತೆ ಮಾತಾಡಲು ಆಗಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಅವರೇ ಮುಂಡರಗಿಗೆ ಬಂದರು. ಹಳೆಯ ಹಾಗೆ ರೋಗಿಗಳ ಸಾಲಿನಲ್ಲಿ ಕುಳಿತು, ತಮ್ಮ ಪಾಳಿ ಬಂದಾಗ ಒಳಗೆ ಬಂದು, ಮೇಜಿನ ಮೇಲೆ ಕೈ ಚಾಚಿದರು. ಹಿಡಿದು ನೋಡಿದೆ. ತಾಳ ತಪ್ಪಿದ್ದು ತಪ್ಪಿದಂತೆಯೇ ಇತ್ತು, ಅದಕ್ಕಿಂತ ಕೆಟ್ಟಿರಲಿಲ್ಲ. ಗುಳಿಗೆ ನುಂಗುತ್ತಿದ್ದೀರಾ ಎಂದೆ. ತಲೆ ಆಡಿಸಿದರು.

"ನಿನ್ನೆ ಓಡಾಕ ಹೋಗಿದ್ದೆ," ಎಂದರು. "ಹೊಂಟೆ. ಎಲ್ಲಿ ತಿರಗಬೇಕು ಅನ್ನೂದು ಗೊತ್ತಾಗಲಿಲ್ಲ. ತಿರಗಿದ್ರ ಹಾದ್ಯಾಗ ಯಾರೂ ಇಲ್ಲ. ಹಂಗ ಹೋಗ್ಕೋತ ಹೋಗ್ಕೋತ ಲಕ್ಷ್ಮೇಶ್ವರ ಮುಟ್ಟಿಬಿಟ್ಟೆ. ಮಗಳು ಬಾಗಲಾ ತಗದು ಹೌಹಾರಿದ್ಲು."

ನಾನು ಬೈಯಬೇಕಿತ್ತು. ಡಾಕ್ಟರಾಗಿ ಅದು ನನ್ನ ಕೆಲಸ. ನಾನು ನಾಡಿ ಬಿಟ್ಟ ಮೇಲೂ ಅವರ ಕೈ ಸ್ವಲ್ಪ ಹೊತ್ತು ಮೇಜಿನ ಮೇಲೆಯೇ ಇತ್ತು. ಆಮೇಲೆ ಅಂಗಿಯ ತೋಳು ಸರಿಮಾಡಿಕೊಂಡು ಎದ್ದರು.

ಮಗಳು ಅವರನ್ನು ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋದಳು. ಶಿರಹಟ್ಟಿಯ ಮನೆಗೆ ಬೇರೆ ಬಾಡಿಗೆದಾರರು ಬಂದರು. ಶಿರಸ್ತೇದಾರರು ಲಕ್ಷ್ಮೇಶ್ವರದಲ್ಲಿಯೂ ಬೆಳಿಗ್ಗೆ ಹೊರಗೆ ಹೋಗುತ್ತಿದ್ದರಂತೆ, ಆದರೆ ಓಡುತ್ತಿರಲಿಲ್ಲ. ಅಂತೂರ ಬೆಂತೂರಿನ ಗೆಳೆಯರು ಒಮ್ಮೆ ನೋಡಲು ಬಂದು, ಇಬ್ಬರೂ ಕಟ್ಟೆಯ ಮೇಲೆ ಸಂಜೆಯ ತನಕ ಕುಳಿತಿದ್ದರೆಂದು ಮಗಳು ಹೇಳಿದಳು. ಹಿರಿಯ ಡಾಕ್ಟರರು ಅಂಜಿದ್ದ ಲಕ್ವ ಕೊನೆಗೂ ಹೊಡೆಯಿತು. ಬಲಗಡೆಯ ಕೈ ಕಾಲು ಬಿದ್ದವು, ಮಾತು ನಿಂತಿತು. ನಾನು ಹೋದಾಗ ಗುರುತು ಹಿಡಿದರು. ಎಡಗೈಯನ್ನು ತಾವೇ ಸ್ವಲ್ಪ ಎತ್ತಿದರು. ನಾಡಿ ನೋಡಿ, "ಛಲೋ ಐತ್ರಿ ಕಾಕಾ" ಎಂದೆ. ಅದು ಖರೆಯಲ್ಲವೆಂದು ಅವರಿಗೂ ಗೊತ್ತಿತ್ತು. ಹೆಚ್ಚು ದಿನ ಇರಲಿಲ್ಲ.

ಈಗ ನನಗೆ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ನಿವೃತ್ತಿಯಾದ ಮೇಲೆ ಗದಗಿನಲ್ಲಿ ನೆಲೆಸಿದ್ದೇನೆ. ಆ ಹಿರಿಯ ಡಾಕ್ಟರರು ಇಲ್ಲ, ಬರಿಗಾಲಿನ ಒಕ್ಕಲಿಗರು ಇಲ್ಲ, ಮಗಳು ಹೋಗಿಯೂ ಮೂರು ವರ್ಷವಾಯಿತು. ಅವರನ್ನು ಬಲ್ಲವರಲ್ಲಿ ಉಳಿದವಳು ಬಹುಶಃ ನಾನೊಬ್ಬಳೇ. ಅವರ ಮುಖ ನೆನಪಿಗೆ ತಂದುಕೊಳ್ಳಲು ಹೋದರೆ ಮೂಗು, ಕನ್ನಡಕ ಬರುತ್ತವೆ, ಉಳಿದದ್ದು ಬರುವುದಿಲ್ಲ. ನಾಡಿ ಮಾತ್ರ ಬೆರಳಿಗೆ ಇನ್ನೂ ನೆನಪಿದೆ: ಮೊದಲಿನ ಆ ನಿಧಾನ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಕಾಯಬೇಕಾಗಿದ್ದ ಆ ಬಿಡುವು... ಕಾಕುವಿನದು ಹೇಗಿತ್ತೋ ಗೊತ್ತಿಲ್ಲ. ಅಷ್ಟು ವರ್ಷಗಳಲ್ಲಿ ಅವರು ಒಮ್ಮೆಯೂ ತಮ್ಮ ಕೈ ಮುಂದೆ ಚಾಚಿರಲಿಲ್ಲ.